ಬೈರಿದೇವರಕೊಪ್ಪದಲ್ಲಿ ಬಿದ್ದ ಸೈಲೆನ್ಸರ್

ಸಂಸಾರದಲ್ಲಿ ಹೆಂಡತಿಗೆ ತಿಳಿಯದ ಒಂದು ವಿಷಯವಾದರೂ ಗಂಡನಿಗೆ ತಿಳಿದಿರಬೇಕು ಎಂದು ನಾನು ಬಹಳ ವರ್ಷ ನಂಬಿಕೊಂಡಿದ್ದೆ. ಗುಟ್ಟಿನ ಮಾತು ಹೇಳುತ್ತಿಲ್ಲ, ವಿದ್ಯೆಯ ಮಾತು. ಉಪ್ಪಿಟ್ಟಿಗೆ ನೀರು ಎಷ್ಟು, ಗ್ಯಾಸಿನ ಪುಸ್ತಕ ಎಲ್ಲಿ, ನನ್ನ ಕನ್ನಡಕ ಎಲ್ಲಿ, ನನ್ನ ಕಡೆಯ ಯಾವ ನೆಂಟರಿಗೆ ಯಾರ ಮೇಲೆ ಸಿಟ್ಟು, ಇಂಥ ಎಲ್ಲ ಶಾಸ್ತ್ರಗಳಲ್ಲೂ ಹೆಂಡತಿಯೇ ಪಂಡಿತಳಾಗಿರುವ ಮನೆಯಲ್ಲಿ ಗಂಡನಾದವನಿಗೆ ನಿಲ್ಲಲು ಅಂಗೈಯಗಲ ಜಾಗ ಬೇಡವೆ? ಕೆಲವರು ಷೇರು ಮಾರುಕಟ್ಟೆಯನ್ನು ಹಿಡಿಯುತ್ತಾರೆ. ನಮ್ಮ ಪಕ್ಕದ ಮನೆಯ ಹಿರೇಮಠರು ರೈಲ್ವೆಯಿಂದ ನಿವೃತ್ತರಾದವರು. ಯಾವ ರೈಲು ಯಾವ ನಿಲ್ದಾಣದಲ್ಲಿ ಎಷ್ಟು ನಿಮಿಷ ನಿಲ್ಲುತ್ತದೆ ಎಂಬುದನ್ನು ಇನ್ನೂ ಬಿಟ್ಟಿಲ್ಲ. ನಾನು ಹಿಡಿದದ್ದು ಒಂದು ಕಾರನ್ನು.

ಅಂತಿಂಥ ಕಾರಲ್ಲ. ಇಂಗ್ಲೆಂಡಿನಲ್ಲಿ ತಯಾರಾದ, ಎರಡೇ ಸೀಟಿನ, ಕಡುಹಸಿರು ಬಣ್ಣದ ಹಳೆಯ ಸ್ಪೋರ್ಟ್ಸ್ ಕಾರು. ಬೆಳಗಾವಿಯ ಕಣ್ಣಿನ ಡಾಕ್ಟರೊಬ್ಬರು ಮನೆ ಬದಲಿಸುವಾಗ ಹೊಸ ಮನೆಯಲ್ಲಿ ಜಾಗವಿಲ್ಲವೆಂದು ಅದನ್ನು ಮಾರಿದರು. ನಾನಾಗ ಧಾರವಾಡದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದೆ. ತಲೆಯ ಮೇಲೆ ಕೂದಲಿತ್ತು, ಕೂದಲಿನ ಕೆಳಗೆ ಹೆಚ್ಚೇನೂ ಇರಲಿಲ್ಲ. ಮದುವೆಯಾಗಿ ಆರು ತಿಂಗಳಾಗಿದ್ದ ಹೆಂಡತಿ ಕುಸುಮಾಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಬೆಳಗಾವಿಯಿಂದ ಬಂದೆ. ಆಕೆಯ ಬೈತಲೆ ಗಾಳಿಗೆ ಎಲ್ಲಿ ಹೋಯಿತೋ ತಿಳಿಯಲಿಲ್ಲ. ಮಗಳು ಹುಟ್ಟಿದ ಮೇಲೆ ಎರಡು ಸೀಟು ಸಾಲದಾಯಿತು, ಹಾಗಾಗಿ ಸ್ಕೂಟರ್ ಕೊಂಡೆವು. ಕಾರು ಸಣ್ಣದಾಯಿತೆಂದು ಸ್ಕೂಟರ್ ಕೊಂಡ ಸಂಸಾರ ಈ ಭೂಮಿಯ ಮೇಲೆ ನಮ್ಮದೊಂದೇ ಇರಬೇಕು.

ಮನೆಗೆ ಬಂದವರಿಗೆಲ್ಲ ಚಹಾ ಆದ ಮೇಲೆ ಕಾರು ತೋರಿಸುವುದು ನಮ್ಮ ಮನೆಯ ಪದ್ಧತಿ. ತೋರಿಸುವಾಗ ನಾನು ಎರಡು ಮಾತು ತಪ್ಪದೆ ಹೇಳುತ್ತಿದ್ದೆ. ಒಂದು, “ನಟ್ಟಿನಿಂದ ಬೋಲ್ಟಿನ ತನಕಾ ಎಲ್ಲಾ ಒರಿಜಿನಲ್.” ಎರಡು, “ರಿಪೇರಿ ಎಲ್ಲಾ ನಾನಽ ಮಾಡ್ಕೋತೇನಿ.” ಓದುಗರ ಎದುರು ಮುಚ್ಚಿಡುವುದೇನು? ರಿಪೇರಿ ಮಾಡುತ್ತಿದ್ದವರು ಹುಬ್ಬಳ್ಳಿಯ ದಸ್ತಗೀರ ಸಾಹೇಬರು. ಭಾನುವಾರ ಬೆಳಿಗ್ಗೆ ಅವರ ಗ್ಯಾರೇಜಿಗೆ ಹೋಗಿ, ಬೋರಲು ಹಾಕಿದ ಡಬ್ಬಿಯ ಮೇಲೆ ಕುಳಿತು, ಎರಡು ಚಹಾ ಕುಡಿದು, ಅವರು ಕೇಳಿದ ಪಾನಾ, ಅಂದರೆ ಸ್ಪ್ಯಾನರ್, ಕೊಡುವುದು ನನ್ನ ಕೆಲಸ. ಹನ್ನೆರಡನೇ ನಂಬರ್ ಕೇಳಿದರೆ ಹದಿನಾಲ್ಕು ಕೊಡುತ್ತಿದ್ದೆ. ಅವರು ಅದನ್ನು ಕೆಳಗಿಟ್ಟು ಹನ್ನೆರಡನ್ನು ತಾವೇ ತೆಗೆದುಕೊಳ್ಳುತ್ತಿದ್ದರು. ಇನ್ನು ಒರಿಜಿನಲ್ ಎಂಬ ಮಾತು. ನಾನು ಅದನ್ನು ಹೇಳಲು ಶುರುಮಾಡಿದಾಗ ಅದು ಖರೆಯೇ ಆಗಿತ್ತು. ಮುಂದೆ ಸೈಲೆನ್ಸರ್ ತೂತಾಗಿ, ಆ ಕಾಲಕ್ಕೆ ಬೇರೆ ಸಿಗದೆ, ಸಾಹೇಬರು ಯಾವುದೋ ಹಳೆ ಜೀಪಿನ ಸೈಲೆನ್ಸರನ್ನು ಅದರ ಪೈಪಿನ ಸಮೇತ ಅಲ್ಲಿ ಇಲ್ಲಿ ಬೆಸೆದು ಕೂರಿಸಿದರು. ಕಾರು ಬದಲಾಯಿತು, ನನ್ನ ವಾಕ್ಯ ಬದಲಾಗಲಿಲ್ಲ. ಅಂದಿನಿಂದ ಕಾರು ಎಮ್ಮೆ ಕೆಮ್ಮಿದಂತೆ ಸದ್ದು ಮಾಡುತ್ತಿತ್ತು. ಅದನ್ನೂ ನಾನು “ಇಂಗ್ಲಿಷ್ ಗಾಡಿ ಗತ್ತು ಅದು” ಎಂದು ವಿವರಿಸುತ್ತಿದ್ದೆ.

ಈಚೆಗೆ ಒಂದು ದಿನ ನಾವಿಬ್ಬರೂ ಹುಬ್ಬಳ್ಳಿಗೆ ಹೋಗಿ ನವನಗರದ ನಮ್ಮ ಮನೆಗೆ ಮರಳುತ್ತಿದ್ದಾಗ, ಬೈರಿದೇವರಕೊಪ್ಪದಲ್ಲಿ, ನಟ್ಟನಡು ರಸ್ತೆಯಲ್ಲಿ, ಆ ಸೈಲೆನ್ಸರ್ ಬಿತ್ತು. ಮೊದಲು ಕೆಳಗೆ ಏನೋ ‘ಟಣ್’ ಎಂದಿತು. ಆಮೇಲೆ ರಸ್ತೆಯನ್ನೇ ಯಾರೋ ಕೆರೆಯುತ್ತಿರುವ ಸದ್ದು. ಆಮೇಲೆ ಎಂಜಿನ್ನಿನ ಆರ್ಭಟ. ಹಿಂದಿದ್ದ ಸಿಟಿ ಬಸ್ಸಿನ ಚಾಲಕ ಕೆಳಗಿಳಿದು ಬಂದು, “ಸಾಹೇಬ್ರ, ನಿಮ್ಮ ಗಾಡಿ ಹೆತ್ತೈತಿ ನೋಡ್ರಿ” ಎಂದ. ನನಗೆ ಬಗ್ಗುವಂತಿರಲಿಲ್ಲ. ಎರಡು ತಿಂಗಳ ಹಿಂದೆ ಬೆನ್ನಿನ ಶಸ್ತ್ರಚಿಕಿತ್ಸೆಯಾಗಿತ್ತು. ಬಗ್ಗಬಾರದು, ಭಾರ ಎತ್ತಬಾರದು, ನೆಲದ ಮೇಲೆ ಮಲಗಬಾರದು ಎಂದು ಡಾಕ್ಟರು ಬರೆದೇ ಕೊಟ್ಟಿದ್ದರು. ಕುಸುಮಾ ಇಳಿದಳು. ಹೊಸದಾಗಿ ಕೊಂಡಿದ್ದ ಪರದೆ ಬಟ್ಟೆಯ ಗಂಟಿನಿಂದ ಹಳೆ ಚೀಲವೊಂದನ್ನು ತೆಗೆದು ಕೈಗೆ ಸುತ್ತಿಕೊಂಡು ಆ ಬಿಸಿ ಡಬ್ಬಿಯನ್ನು ಎತ್ತಿದಳು. ತಿರುಗಿಸಿ ಒಂದು ಸಲ ನೋಡಿದಳು. ನನ್ನನ್ನೂ ಒಂದು ಸಲ ನೋಡಿದಳು. ಅದನ್ನು ಕಾಲ ಹತ್ತಿರ ಇಟ್ಟುಕೊಂಡು ಕುಳಿತಳು. ಬಚಾವಾದೆ, ಹೆಂಗಸರಿಗೆ ಇದೆಲ್ಲ ತಿಳಿಯುವುದಿಲ್ಲ ಎಂದುಕೊಂಡೆ. ಆ ಆರ್ಭಟದಲ್ಲೇ ಮನೆ ತಲುಪಿದೆವು. ನವನಗರದ ನಾಯಿಗಳು ಗೇಟಿನವರೆಗೆ ಕಳುಹಿಸಿಕೊಟ್ಟವು.

ಬೇರೆ ದಿನವಾಗಿದ್ದರೆ ಚಿಂತೆಯಿರಲಿಲ್ಲ. ಆದರೆ ಮೂರು ವಾರಕ್ಕೆ ಹುಬ್ಬಳ್ಳಿಯಲ್ಲಿ ಹಳೆ ಕಾರುಗಳ ಪ್ರದರ್ಶನವಿತ್ತು. ನಾನು ಹೆಸರು ಕೊಟ್ಟಿದ್ದೆ. ಕೊಟ್ಟ ಅರ್ಜಿಯಲ್ಲಿ ನನ್ನ ಆ ಎರಡು ವಾಕ್ಯಗಳನ್ನೂ ದುಂಡಗೆ ಬರೆದು ಸಹಿ ಮಾಡಿದ್ದೆ. ದಸ್ತಗೀರ ಸಾಹೇಬರಿಗೆ ಫೋನು ಮಾಡಿದರೆ ಅವರು ಗದಗಿನಲ್ಲಿ ಮಗಳ ಮನೆಯಲ್ಲಿದ್ದರು. “ಕಣ್ಣಿನ ಆಪರೇಶನ್ ಆಗೇತ್ರಿ ಸರ್, ಹಸಿರು ಪಟ್ಟಿ ಕಟ್ಕೊಂಡು ಕೂತೇನಿ” ಎಂದರು. ಅವರ ಗ್ಯಾರೇಜಿದ್ದ ಜಾಗದಲ್ಲಿ ಈಗ ಕರೆಂಟಿನ ಸ್ಕೂಟರ್ ಮಾರುವ ಅಂಗಡಿ ಬಂದಿದೆಯಂತೆ. ಸೈಲೆನ್ಸರೇ ಇಲ್ಲದ ಗಾಡಿಗಳು. ಬೇರೆ ಇಬ್ಬರು ಮೆಕ್ಯಾನಿಕರನ್ನು ಕರೆಸಿದೆ. ಒಬ್ಬ ಕಾರಿನ ಜೊತೆ ಫೋಟೋ ತೆಗೆಸಿಕೊಂಡು ಹೋದ. ಇನ್ನೊಬ್ಬ ಸುತ್ತಲೂ ಒಂದು ಪ್ರದಕ್ಷಿಣೆ ಹಾಕಿ, “ಇದನ್ನ ಮುಟ್ಟಬಾರದ್ರಿ ಸರ್” ಎಂದು ಕೈ ಮುಗಿದ.

“ನಾ ಮಾಡ್ಕೋತೇನಿ ಬಿಡು, ಬೆನ್ನು ಒಂದೀಟು ಛಲೋ ಆಗ್ಲಿ” ಎಂದೆ ಕುಸುಮಾಗೆ, ಗತ್ತು ಬಿಡದೆ.

ಆಕೆ ಬಾಲ್ಕನಿಯಲ್ಲಿ ಬಟ್ಟೆ ಮಡಿಸುತ್ತಿದ್ದಳು. ನನ್ನ ಒಂದು ಅಂಗಿಯನ್ನು ಎರಡೂ ಕೈಯಲ್ಲಿ ಹಿಡಿದು ಎದುರಿಗೆ ಚಾಚಿದಳು. “ಏನ್ರೀ, ಇಷ್ಟ ವರ್ಷ ಐತವಾರಕ್ಕೊಮ್ಮೆ ಗಾಡಿ ರಿಪೇರಿ ಅಂತ ಹೋಗ್ತಿದ್ರಿ. ಎರಡೆರಡು ತಾಸು ಗಾಡಿ ಕೆಳಗ ಮಲಗಿ ಬಂದವರ ಅಂಗಿ ಬೆನ್ನಿಗೆ ಒಂದು ಕಲಿ ಬ್ಯಾಡೇನು? ಚಹಾದ ಕಲಿ ಇರತಿದ್ವು, ಅದೂ ಮುಂದ. ಅರಿಬಿ ತೊಳ್ಯಾಕಿ ನಾನಽ ಅಲ್ಲೇನ್ರಿ?”

ನಾನು ಕಾಲೇಜಿನಲ್ಲಿ ಮೂವತ್ತು ವರ್ಷ ಪಾಠ ಹೇಳಿದವನು. ಪ್ರಯೋಗದ ಫಲಿತಾಂಶವನ್ನು ಯಾವ ದ್ರಾವಣ ಬಯಲುಮಾಡುತ್ತದೆ ಎಂದು ಸಾವಿರಾರು ಮಕ್ಕಳಿಗೆ ಕಲಿಸಿದ್ದೇನೆ. ನನ್ನನ್ನು ಬಯಲುಮಾಡುವ ದ್ರಾವಣ ಸಾಬೂನಿನ ನೀರು ಎಂದು ಹೊಳೆದಿರಲಿಲ್ಲ.

“ನಾನಽ ನೋಡ್ತೇನಿ,” ಎಂದಳು. “ಹೊಲಿಗಿ ಮಷೀನ್ ನಲವತ್ತು ವರ್ಷ ಬಿಚ್ಚಿ ಕೂಡಿಸೇನಿ. ಇದೂ ಮಷೀನಽ ಅಲ್ಲೇನು?”

ಕುಸುಮಾ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಹೊಲಿಗೆ ಕಲಿಸಿ ನಿವೃತ್ತಳಾದವಳು. ಶಾಲೆಯ ಇಪ್ಪತ್ತು ಮಷೀನುಗಳನ್ನು ಆಕೆಯೇ ರಿಪೇರಿ ಮಾಡುತ್ತಿದ್ದಳಂತೆ. ‘ಅಂತೆ’ ಎನ್ನುವಾಗ ನನಗೇ ನಾಚಿಕೆಯಾಗುತ್ತದೆ. ಆಕೆಯ ಮಷೀನಿನ ಸದ್ದು ಕೇಳುತ್ತ ನಾನು ಅದೆಷ್ಟೋ ಸಾವಿರ ಉತ್ತರಪತ್ರಿಕೆ ತಿದ್ದಿದ್ದೇನೆ. ಆ ಮಷೀನಿನ ಬಾಬಿನ್ ಎಲ್ಲಿ ಕೂರುತ್ತದೆ ಎಂದು ಒಮ್ಮೆಯೂ ಬಗ್ಗಿ ನೋಡಿದವನಲ್ಲ. ಆಗಂತೂ ಬಗ್ಗಬಾರದೆಂದು ಯಾವ ಡಾಕ್ಟರೂ ಹೇಳಿರಲಿಲ್ಲ.

ಮರುದಿನ ಬೆಳಿಗ್ಗೆ ಕೆಲಸ ಶುರುವಾಯಿತು. ಕುಸುಮಾ ನನ್ನ ಹಳೆ ಪಾಯಿಜಾಮ ಹಾಕಿ, ಮೇಲೆ ನನ್ನ ಪ್ರಯೋಗಾಲಯದ ಬಿಳಿ ಕೋಟು ತೊಟ್ಟು, ತಲೆಗೆ ಟವೆಲ್ಲು ಬಿಗಿದುಕೊಂಡಳು. ಜ್ಯಾಕ್ ಒಂದನ್ನೇ ನಂಬಲು ಒಪ್ಪದೆ, ಹಿರೇಮಠರ ಹಿತ್ತಲಲ್ಲಿದ್ದ ರೈಲ್ವೆ ಮರದ ದಿಮ್ಮಿಗಳನ್ನು ತರಿಸಿ ಕಾರಿನ ಕೆಳಗೆ ಕೊಟ್ಟು, ಅಲುಗಾಡಿಸಿ ನೋಡಿ, ಆಮೇಲೆ ಚಾಪೆ ಹಾಸಿಕೊಂಡು ಒಳಗೆ ಸರಿದಳು. ಹೊರಗೆ ಉಳಿದದ್ದು ಎರಡು ಪಾದ, ಅದರಲ್ಲಿ ಕಾಲುಂಗುರ. ನಾನು ಪಕ್ಕದಲ್ಲಿ ಬೆತ್ತದ ಕುರ್ಚಿಯ ಮೇಲೆ, ಬೆನ್ನಿಗೆ ದಿಂಬು ಇಟ್ಟುಕೊಂಡು, ಇಂಗ್ಲೆಂಡಿನಲ್ಲಿ ಅಚ್ಚಾದ ಕಾರಿನ ಪುಸ್ತಕ ತೆರೆದು ಕುಳಿತೆ.

“ಇಲ್ಲೆ ಬರ್ದಾರ ನೋಡು, ಮೊದಲ ಮುಂದಿನ ಪೈಪ್ ಎಂಜಿನ್ನಿಗೆ ಕೂಡೂ ಕಡೆ ಇರೂ ಮೂರು ನಟ್ ಬಿಚ್ಚಬೇಕು” ಎಂದು ಓದಿದೆ.

“ಅವು ಬಿಚ್ಚೂದಿಲ್ರಿ. ಜಂಗ ತಿಂದು ಒಂದಽ ಆಗ್ಯಾವ. ಪುಸ್ತಕದಾಗ ಜಂಗಿನ ಬಗ್ಗೆ ಏನರೆ ಬರ್ದಾರೇನು?”

ಹುಡುಕಿದೆ. ತುಕ್ಕಿನ ಮಾತು ಎಲ್ಲೂ ಇರಲಿಲ್ಲ. ಪುಸ್ತಕ ಬರೆದ ಇಂಗ್ಲಿಷರು ತಮ್ಮ ಕಾರು ಇಷ್ಟು ವರ್ಷ ಬದುಕುತ್ತದೆ ಎಂದು ಎಣಿಸಿರಲಿಲ್ಲ.

“ಹಂಗಾರ ಪುಸ್ತಕ ಮುಚ್ಚಿ ನನ್ನ ಮಷೀನಿನ ಎಣ್ಣಿ ಡಬ್ಬಿ ಕೊಡ್ರಿ.”

ಆ ಮೂತಿಯುದ್ದದ ಪುಟ್ಟ ಡಬ್ಬಿಯಿಂದ ಒಂದೊಂದು ನಟ್ಟಿಗೂ ಹನಿ ಹನಿಯಾಗಿ ಎಣ್ಣೆ ಕುಡಿಸಿದಳು. ದಿನಕ್ಕೆ ಮೂರು ಹೊತ್ತು, ಮಗುವಿಗೆ ಔಷಧಿ ಹಾಕಿದ ಹಾಗೆ. ಮೂರನೆಯ ದಿನ, ಏಲಕ್ಕಿ ಕುಟ್ಟುವ ಹಿತ್ತಾಳೆಯ ಗುಂಡಿನಿಂದ ಮೆಲ್ಲಗೆ ಬಡಿದು ಪಾನಾ ಹಾಕಿದಳು. ಅದೇ ಹೊತ್ತಿಗೆ ಹಿರೇಮಠರು ಗೇಟು ತೆಗೆದು ಬಂದರು. ಕುರ್ಚಿಯ ಮೇಲೆ ಚಹಾ ಕುಡಿಯುತ್ತಿದ್ದ ನನ್ನನ್ನು ನೋಡಿದರು. ಕಾರಿನ ಕೆಳಗಿದ್ದ ಪಾದಗಳನ್ನು ನೋಡಿದರು. ರೈಲಿನ ವೇಳೆ ತಪ್ಪಿದವರಂತೆ ಒಂದು ಕ್ಷಣ ನಿಂತರು.

“ಏನ್ರಿ ಸರ್, ರಿಪೇರಿ ನೀವಽ ಮಾಡ್ತೀರಿ ಅಂತಿದ್ರಿ?”

“ಮಾರ್ಗದರ್ಶನ ಮಾಡಾಕತ್ತೇನ್ರಿ” ಎಂದೆ.

ಕೆಳಗಿನಿಂದ “ಬಿಚ್ಚಿತು!” ಎಂದು ಕೂಗು ಬಂತು. ಹಿರೇಮಠರು ನನ್ನನ್ನು ಬಿಟ್ಟು ಆ ಪಾದಗಳಿಗೆ ನಮಸ್ಕಾರ ಹೇಳಿ, “ಅಕ್ಕಾರ, ದಿಮ್ಮಿ ಇನ್ನೂ ಬೇಕಾದ್ರ ಹೇಳ್ರಿ” ಎಂದು ಹೋದರು.

ಹಳೆಯದು ಬಿಚ್ಚಿತು, ಹೊಸದು ಎಲ್ಲಿಂದ ತರುವುದು? ಪೈಪು ಎಂದರೆ ನೆಟ್ಟಗಿನ ನಳಿಗೆಯಲ್ಲ. ಎಂಜಿನ್ನಿನಿಂದ ಕೆಳಗಿಳಿದು, ಸೀಟಿನ ಅಡಿಯಲ್ಲಿ ಹಾದು, ಹಿಂದಿನ ಗಾಲಿಗಳ ಅಚ್ಚಿನ ಮೇಲೆ ಏರಿ ಮತ್ತೆ ಇಳಿಯಬೇಕು. ಎಲ್ಲಿ ಎಷ್ಟು ಬಾಗಬೇಕು ಎಂಬುದೇ ಅದರ ವಿದ್ಯೆ. ಜೀಪಿನ ಪೈಪನ್ನು ನೋಡಿ ಮಾಡಿಸಿದರೆ ಮತ್ತೆ ಜೀಪಿನದೇ ಆಗುತ್ತದೆ. “ಒರಿಜಿನಲ್ ಇದ್ದಿದ್ರ ಅದನ್ನ ನೋಡಿ ಮಾಡಿಸಬಹುದಿತ್ತು...” ಎಂದು ನನಗರಿವಿಲ್ಲದೆ ಬಾಯಿಬಿಟ್ಟೆ. ಬಿಟ್ಟ ಮೇಲೆ ನಾಲಿಗೆ ಕಚ್ಚಿಕೊಂಡೆ.

ಕುಸುಮಾ ಕೈ ಒರೆಸಿಕೊಳ್ಳುತ್ತ, “ಬರ್ರಿ ಇಲ್ಲೆ” ಎಂದು ಹಿತ್ತಲಿಗೆ ಕರೆದುಕೊಂಡು ಹೋದಳು. ಬಾವಿಕಟ್ಟೆಯ ಪಕ್ಕದಲ್ಲಿ ಮಲ್ಲಿಗೆ ಬಳ್ಳಿ. ಅದರ ಎಲೆಗಳನ್ನು ಎರಡೂ ಕೈಯಿಂದ ಸರಿಸಿ, “ನೋಡ್ರಿ” ಎಂದಳು.

ಬಳ್ಳಿಗೆ ಆಸರೆಯಾಗಿ ನಿಂತಿದ್ದದ್ದು ನನ್ನ ಕಾರಿನ ಒರಿಜಿನಲ್ ಪೈಪು. ನೆಲದಲ್ಲಿ ಊರಿ, ಹಸಿರು ಬಣ್ಣ ಬಳಿದಿತ್ತು. ಮೇಲೆ ಹೋಗುತ್ತ ಆ ಕಡೆಗೊಂದು, ಈ ಕಡೆಗೊಂದು ಬಾಗು. ಇಪ್ಪತ್ತಕ್ಕೂ ಹೆಚ್ಚು ವರ್ಷ ನಾನು ಅದರ ಪಕ್ಕದಲ್ಲಿ ಹಲ್ಲುಜ್ಜಿದ್ದೇನೆ. ಒದ್ದೆ ಬನಿಯನ್ನನ್ನು ಅದಕ್ಕೇ ನೇತುಹಾಕಿದ್ದೇನೆ. ಇಂಗ್ಲೆಂಡಿನ ಕಬ್ಬಿಣವನ್ನು ಕಂಡ ಕೂಡಲೇ ಗುರುತಿಸುತ್ತೇನೆ ಎಂದು ನಾನು ಜನರ ಮುಂದೆ ಹೇಳಿದ್ದೂ ಉಂಟು.

“ನಿನಗ ಗೊತ್ತಿತ್ತೇನು?” ಎಂದೆ.

“ಏನು? ನಿಮ್ಮ ಸೈಲೆನ್ಸರ್ ಜೀಪಿಂದು ಅಂತಲಾ? ಗೊತ್ತಿರದ ಏನ್ರಿ. ನೀವು ಕಾಲೇಜಿಗೆ ಹೋದಾಗ ದಸ್ತಗೀರ ಸಾಹೇಬ್ರು ಸ್ಕೂಟರಿಗೆ ಕಟ್ಕೊಂಡು ಬಂದು ಕೊಟ್ಟು ಹೋದ್ರು. ‘ಅಕ್ಕಾರ, ತೂತು ಬಿದ್ರೂ ಒರಿಜಿನಲ್ ಐತ್ರಿ, ಒಗೀಬ್ಯಾಡ್ರಿ’ ಅಂದ್ರು. ಬಳ್ಳಿಗೆ ಏನರೆ ಆಸರ ಬೇಕಾಗಿತ್ತು. ನೆಟ್ಟೆ.”

“ಮತ್ತ ಇಷ್ಟ ವರ್ಷ ಒಂದು ಮಾತೂ ಆಡಲಿಲ್ಲಲ್ಲ?”

ಆಕೆ ಬಳ್ಳಿಯ ಒಣಗಿದ ಎಲೆಗಳನ್ನು ಕೀಳತೊಡಗಿದಳು. “ಏನಂತ ಆಡ್ಲಿ? ಮಂದಿಗೆ ಗಾಡಿ ತೋರಿಸುವಾಗ ನಿಮ್ಮ ಮಾರಿ ನೀವು ನೋಡ್ಕೊಂಡಿಲ್ಲ, ನಾ ನೋಡೇನಿ. ಸಾಲ್ಯಾಗ ಬಹುಮಾನ ಬಂದ ಹುಡುಗೂರ ಮಾರಿ ಹಂಗ. ನಡುವ ನಾ ಬಂದು, ಇದು ಜೀಪಿಂದ್ರಿ, ರಿಪೇರಿ ಸಾಹೇಬ್ರು ಮಾಡ್ತಾರ್ರಿ ಅಂತ ಹೇಳ್ಬೇಕಿತ್ತೇನು? ಅದರಿಂದ ಯಾರಿಗೇನು ತ್ರಾಸ ಇರಲಿಲ್ಲ. ನಿಮಗ ಒಂದೀಟು ಖುಷಿ ಇತ್ತು.”

ಬಾವಿಕಟ್ಟೆಯ ಮೇಲೆ ಕುಳಿತೆ. ನಿಲ್ಲಲು ಅಂಗೈಯಗಲ ಜಾಗ ಎಂದೆನಲ್ಲ, ಅದನ್ನು ನಾನು ನನ್ನ ಜಾಣತನದಿಂದ ಸಂಪಾದಿಸಿ ಕಾಪಾಡಿಕೊಂಡಿದ್ದೇನೆ ಎಂದು ತಿಳಿದಿದ್ದೆ. ಬೇಲಿ ಹಾಕಿ ಕಾಯುತ್ತಿದ್ದವಳು ಆಕೆ. ಸಿಟ್ಟು ಬಂದಿದ್ದರೆ ಸುಲಭವಿತ್ತು. ಬಂದದ್ದು ಸಿಟ್ಟಲ್ಲ. ನನ್ನನ್ನು ಇಷ್ಟು ಪೂರ್ತಿಯಾಗಿ ಬಲ್ಲವರೊಬ್ಬರು ಇಷ್ಟು ವರ್ಷ ಪಕ್ಕದಲ್ಲಿ ಕುಳಿತು ಊಟ ಮಾಡಿದ್ದಾರೆ, ಮತ್ತು ನಾನು ಅವರನ್ನು ಅಷ್ಟು ಬಲ್ಲೆನೆ ಎಂದು ಕೇಳಿಕೊಂಡರೆ ಉತ್ತರ ಸರಿಯಾಗಿ ಬರುವುದಿಲ್ಲ. ಆಕೆಯೂ ಏನಾದರೊಂದು ಹೆಮ್ಮೆಯ ಮಾತು ಹೇಳುತ್ತಿದ್ದಿರಬಹುದು, ಯಾರಿಗಾದರೂ. ನಾನು ಅದರ ಸುಳ್ಳು ಹಿಡಿಯುವುದಿರಲಿ, ಆ ಮಾತನ್ನೇ ಕೇಳಿಸಿಕೊಂಡಿರಲಿಲ್ಲ.

“ಕಿತ್ತು ಒಯ್ಯೂಣೇನು?” ಎಂದೆ ಕೊನೆಗೆ.

“ಬ್ಯಾಡ. ಬಳ್ಳಿ ಸಾಯ್ತದ. ಬ್ಲೌಸಿನ ಅಳತಿ ತಗೊಳ್ಳಾಕ ಮೈಯಾಗಿನ ಬ್ಲೌಸ್ ಬಿಚ್ಚಿಸ್ತಾರೇನು?”

ದಪ್ಪ ತಂತಿ ತರಿಸಿ, ಬಳ್ಳಿಯ ಸಂದಿಯಲ್ಲಿ ಕೈಯಾಡಿಸುತ್ತ, ಪೈಪಿನ ಉದ್ದಕ್ಕೂ ಅದನ್ನು ಒತ್ತಿ ಬಾಗಿಸಿ ಪಡಿಯಚ್ಚು ತೆಗೆದಳು. ಕೊರಳಲ್ಲಿದ್ದ ಹೊಲಿಗೆಯ ಟೇಪಿನಿಂದ ಅಲ್ಲಲ್ಲಿ ಅಳೆದು, ಸುಣ್ಣದ ಕಡ್ಡಿಯಿಂದ ಗುರುತು ಹಾಕಿದಳು. ಕಾರು ದಿಮ್ಮಿಯ ಮೇಲಿತ್ತಾದ್ದರಿಂದ ಆ ಡೊಂಕು ತಂತಿಯನ್ನು ಹೊತ್ತುಕೊಂಡು ನಾವಿಬ್ಬರೂ ಸಿಟಿ ಬಸ್ಸಿನಲ್ಲಿ ಹುಬ್ಬಳ್ಳಿಗೆ ಹೊರಟೆವು. ಕಂಡಕ್ಟರು ತಂತಿಯನ್ನು ಮೇಲಿಂದ ಕೆಳಗೆ ನೋಡಿ, “ಟಿಕೆಟ್ ಎರಡೋ ಮೂರೋ?” ಎಂದ.

ಗೋಕುಲ ರಸ್ತೆಯಿಂದ ಒಳಗೆ ಹೋದರೆ ಈರಣ್ಣ ಎಂಬ ಕಮ್ಮಾರನ ಅಂಗಡಿ. ಟ್ರ್ಯಾಕ್ಟರುಗಳಿಗೆ ಸೈಲೆನ್ಸರ್ ಮಾಡುವವನು. ನಾನು ಮುಂದೆ ಹೋಗಿ, ಕಾರಿನ ಇತಿಹಾಸವನ್ನು ಇಂಗ್ಲೆಂಡಿನಿಂದ ಆರಂಭಿಸಿದೆ. ಆತ ಸಾವಧಾನವಾಗಿ ಕೇಳಿ, “ಅದೆಲ್ಲಾ ಖರೇರಿ ಸರ್. ಬೆಂಡ್ ಎಷ್ಟೈತಿ ಹೇಳ್ರಿ” ಎಂದ.

“ಸುಮಾರು ನಲವತ್ತೈದು ಡಿಗ್ರಿ ಇರಬಹುದು.”

“ಇರಬಹುದು ಅಂದ್ರ ಪೈಪ್ ಮುರೀಬಹುದ್ರಿ.”

ಕುಸುಮಾ ತಂತಿಯನ್ನು ನೆಲದ ಮೇಲೆ ಇಟ್ಟಳು. ಈರಣ್ಣ ಕುಕ್ಕರಗಾಲಲ್ಲಿ ಕುಳಿತು, ಸುಣ್ಣದ ಗುರುತುಗಳ ಮೇಲೆ ಬೆರಳಾಡಿಸಿ, “ಹಿಂಗ ಕರೆಕ್ಟ್ ಅಳತಿ ಯಾರೂ ತರೂದಿಲ್ರಿ. ಯಾರ್ ಮಾಡಿದ್ರಿ ಸರ್ ಇದನ್ನ?” ಎಂದು ನನ್ನನ್ನೇ ಕೇಳಿದ. ಕುಸುಮಾ ಅತ್ತ ಟ್ರ್ಯಾಕ್ಟರಿನ ಸೈಲೆನ್ಸರುಗಳನ್ನು ನೋಡುತ್ತಿದ್ದಳು.

“ಮನ್ಯಾಗಽ ಮಾಡಿದ್ದು” ಎಂದೆ. ಇದು ಸುಳ್ಳಲ್ಲ. ಗಮನಿಸಿ.

ಆದರೆ ಆತ ಮುಂದಿನ ಪ್ರಶ್ನೆ ಕೇಳಿದ. ಅದರ ಮುಂದಿನದನ್ನೂ ಕೇಳಿದ. ಮೂರನೆಯ ಪ್ರಶ್ನೆಯ ಹೊತ್ತಿಗೆ ಈರಣ್ಣ ಮತ್ತು ಕುಸುಮಾ ಎದುರುಬದುರು ಕುಳಿತು ಮಾತಾಡುತ್ತಿದ್ದರು. ನಾನು ಒಂದು ಡಬ್ಬಿ ಹುಡುಕಿ ಬೋರಲು ಹಾಕಿ ಅದರ ಮೇಲೆ ಕುಳಿತಿದ್ದೆ. ಪೈಪನ್ನು ಬಾಗಿಸುವಾಗ ಚಪ್ಪಟೆಯಾಗದಂತೆ ಒಳಗೆ ಒಣ ಮರಳು ತುಂಬಿ, ಎರಡೂ ಬಾಯಿ ಮುಚ್ಚಿ, ಕಾಸಿ ಬಾಗಿಸುತ್ತಾರೆ ಎಂದು ನನಗೆ ತಿಳಿದದ್ದು ಅಂದು. “ತೋಳು ತಿರುವುವಾಗ ನಾವೂ ಒಳಗ ಅರಿಬಿ ಇಟ್ಟಽ ಇಸ್ತ್ರಿ ಮಾಡ್ತೇವಿ” ಎಂದಳು ಕುಸುಮಾ. ಈರಣ್ಣ ತಲೆದೂಗಿದ.

ಮೊದಲನೆಯ ಸಲ ಪೈಪು ಕೂರಲಿಲ್ಲ. ಅಚ್ಚಿನ ಮೇಲೆ ಏರುವಲ್ಲಿ ಕಾರಿನ ತಳಕ್ಕೆ ತಾಗುತ್ತಿತ್ತು. ಕೆಳಗಿನಿಂದ ಕುಸುಮಾಳ ಧ್ವನಿ ಬಂತು: “ಬಗಲಾಗ ಹಿಡೀತದ. ಒಂದು ಬಟ್ಟು ಬಿಡಬೇಕು.” ಬಟ್ಟು ಎಂದರೆ ಒಂದು ಬೆರಳಗಲ. ಮರುದಿನ ಆಕೆಯೊಬ್ಬಳೇ ಪೈಪು ತೆಗೆದುಕೊಂಡು ಈರಣ್ಣನಲ್ಲಿಗೆ ಹೋದಳು. ನನ್ನನ್ನು ಕರೆಯಲಿಲ್ಲ. ಬೆನ್ನಿಗೆ ಬಸ್ಸು ಒಳ್ಳೆಯದಲ್ಲ ಎಂಬುದು ಆಕೆ ಹೇಳಿದ ಕಾರಣ. ನಾನು ಖಾಲಿ ಮನೆಯಲ್ಲಿ, ದಿಮ್ಮಿಯ ಮೇಲೆ ನಿಂತ ಕಾರಿನ ಎದುರು ಅದೇ ಬೆತ್ತದ ಕುರ್ಚಿಯಲ್ಲಿ ಕುಳಿತೆ. ಒಂದು ನಿಜ ಹೇಳಿಬಿಡುತ್ತೇನೆ. ಈ ಪೈಪು ಈ ಸಲವೂ ಕೂರದಿದ್ದರೆ ಚೆನ್ನಾಗಿತ್ತು ಎಂದು ಮನಸ್ಸಿನಲ್ಲಿ ಒಂದು ಸಣ್ಣ ಆಸೆ ಎದ್ದಿತು. ಕೂಡಲೆ ಅದನ್ನು ತಲೆಯ ಮೇಲೆ ಹೊಡೆದು ಕೂರಿಸಿದೆ. ಆದರೂ ಎದ್ದದ್ದಂತೂ ಹೌದು. ತನ್ನ ಕಾರಿಗೆ ಕೇಡು ಬಯಸಿದ ಮಾಲೀಕ ನಾನು.

ಪೈಪು ಕೂತಿತು. ಹೊಸ ಸೈಲೆನ್ಸರ್ ಡಬ್ಬಿ, ಹೊಸ ರಬ್ಬರು, ಹೊಸ ಕ್ಲ್ಯಾಂಪು, ಎಲ್ಲ ಕೂತವು. ಕುಸುಮಾ ಹೊರಗೆ ಸರಿದು ಬಂದಳು. ಮೂಗಿನ ಮೇಲೆ ಕಪ್ಪು, ನನ್ನ ಬಿಳಿ ಕೋಟಿನ ಬೆನ್ನಿಗೆ ನಾನು ಜನ್ಮದಲ್ಲಿ ಮಾಡದಷ್ಟು ಕಲೆ. ಕೀಲಿ ನನ್ನ ಕೈಗೆ ಕೊಟ್ಟು, “ನೀವಽ ಚಾಲೂ ಮಾಡ್ರಿ” ಎಂದಳು. ಮಾಡಿದೆ. ಕೆಮ್ಮಿಲ್ಲ, ಆರ್ಭಟವಿಲ್ಲ. ತಗ್ಗಿದ, ತುಂಬಿದ ಒಂದು ಗುನುಗು. ಬೆಳಗಾವಿಯಿಂದ ಬಂದ ದಿನ ಈ ಕಾರು ಹೀಗೇ ಸದ್ದು ಮಾಡಿತ್ತು ಎಂಬುದು ನೆನಪಾಯಿತು. ಇಷ್ಟು ವರ್ಷ ಜನರಿಗೆ ನಾನು ಗತ್ತು ಎಂದು ತೋರಿಸಿದ್ದು ಬರೀ ತೂತು. ಹಿರೇಮಠರು ಗೋಡೆಯಾಚೆಯಿಂದ ತಲೆ ಎತ್ತಿ, “ಇನ್ನೂ ಚಾಲೂ ಆಗಲಿಲ್ಲೇನ್ರಿ?” ಎಂದು ಕೇಳಿದರು.

ಪ್ರದರ್ಶನದ ದಿನ ಬೆಳಿಗ್ಗೆ ಕಾರನ್ನು ಮೈದಾನದಲ್ಲಿ ಸಾಲಿಗೆ ನಿಲ್ಲಿಸಿದೆ. ಗಾಜಿನ ಮುಂದೆ ಒಂದು ಚೀಟಿ ಅಂಟಿಸಿದ್ದರು. ನನ್ನ ಹೆಸರು, ಅದರ ಕೆಳಗೆ, ‘ಎಲ್ಲ ಭಾಗಗಳೂ ಮೂಲದವು. ದುರಸ್ತಿ: ಸ್ವತಃ ಮಾಲೀಕರು.’ ನನ್ನದೇ ಅರ್ಜಿಯ ಮಾತುಗಳು, ಅಚ್ಚಿನಲ್ಲಿ ಇನ್ನೂ ಚೆಂದ ಕಾಣುತ್ತಿದ್ದವು. ಕುಸುಮಾ ಇಳಕಲ್ ಸೀರೆ ಉಟ್ಟು, ಕೈಯಲ್ಲಿ ಕೊಡೆ ಹಿಡಿದು ಪಕ್ಕದಲ್ಲಿ ನಿಂತಿದ್ದಳು. ಚೀಟಿ ಓದಿ ಕೊಡೆ ಬಿಚ್ಚಿದಳು. ಪರೀಕ್ಷಕರು ಕೊಲ್ಲಾಪುರದ ಕಡೆಯ ಹಿರಿಯರು. ಬಂದವರೇ ಅಂಗಿ ಕೊಳೆಯಾಗುತ್ತದೆ ಎಂದೂ ನೋಡದೆ ನೆಲದ ಮೇಲೆ ಅಡ್ಡಾಗಿ ಕಾರಿನ ಕೆಳಗೆ ಬ್ಯಾಟರಿ ಬಿಟ್ಟರು. ಬಹಳ ಹೊತ್ತು ಬಿಟ್ಟರು. ಎದ್ದು ಕೈ ಜಾಡಿಸಿಕೊಳ್ಳುತ್ತ, “ಬೆಂಡ್ ಭಾರೀ ಚಂದ ಅದ. ಎಲ್ಲೂ ಚಪ್ಪಟಿ ಆಗಿಲ್ಲ. ಇಂಥಾದು ಈಗ ಯಾರಿಗೂ ಬರೂದಿಲ್ಲ. ಒರಿಜಿನಲ್ಲಽ ಇರಬೇಕಲ್ಲ?” ಎಂದರು.

ಹೌದು ಎನ್ನಲು ಬಾಯಿ ತೆರೆದಿತ್ತು. ಇಷ್ಟು ವರ್ಷದ ಅಭ್ಯಾಸ, ತೆರೆದರೆ ಅದೇ ಬರುತ್ತದೆ. ಅಷ್ಟರಲ್ಲಿ ಕುಸುಮಾಳನ್ನು ನೋಡಿದೆ. ಆಕೆ ನಿಧಾನವಾಗಿ ಮುಖ ತಿರುಗಿಸಿ, ಆಚೆ ನಿಂತ ಇನ್ನೊಂದು ಕಾರನ್ನು ನೋಡತೊಡಗಿದ್ದಳು. ಈರಣ್ಣನ ಅಂಗಡಿಯಲ್ಲೂ ಹೀಗೆಯೇ ಅತ್ತ ತಿರುಗಿದ್ದಳು ಎಂಬುದು ಆಗ ತಿಳಿಯಿತು. ನಾನು ಸುಳ್ಳು ಹೇಳಲು ಅನುಕೂಲವಾಗಲಿ ಎಂದು ಜಾಗ ಬಿಟ್ಟುಕೊಡುತ್ತಿದ್ದಳು.

“ಅಲ್ರಿ,” ಎಂದೆ. ಧ್ವನಿ ನನ್ನದೇ ಎಂದು ನನಗೇ ನಂಬಿಕೆಯಾಗಲಿಲ್ಲ. “ಒರಿಜಿನಲ್ ಅಲ್ಲ. ಇವರು ಮಾಡಿದ್ದು. ಬೆಂಡಿನ ಬಗ್ಗೆ ಇವರನ್ನಽ ಕೇಳ್ರಿ. ನನಗ ಏನೂ ಗೊತ್ತಿಲ್ಲ.”

ಪರೀಕ್ಷಕರು ಆಕೆಯತ್ತ ತಿರುಗಿದರು. ಅಲ್ಲಿಂದಾಚೆ ನನಗೆ ಕೆಲಸವಿರಲಿಲ್ಲ. ಆಕೆ ಮರಳಿನ ಬಗ್ಗೆ, ಮಷೀನಿನ ಎಣ್ಣೆಯ ಬಗ್ಗೆ, ಬಗಲಲ್ಲಿ ಬಿಡಬೇಕಾದ ಒಂದು ಬಟ್ಟಿನ ಬಗ್ಗೆ ಹೇಳುತ್ತ ಹೋದಳು. ಜನ ಸೇರಿದರು. ಕೈ ಬೀಸಿ ಹೇಳಲು ಅಡ್ಡಿಯಾಯಿತೆಂದು ಕೊಡೆಯನ್ನೂ ಚೀಲವನ್ನೂ ನನಗೆ ಕೊಟ್ಟಳು. ಆಕೆಯ ಮುಖವನ್ನು ಆಗ ನಾನು ನೋಡಿದೆ. ಶಾಲೆಯಲ್ಲಿ ಬಹುಮಾನ ಬಂದ ಮಕ್ಕಳ ಮುಖ ಎಂದಿದ್ದಳಲ್ಲ, ಹಾಗಿತ್ತು.

ಪರೀಕ್ಷಕರ ಪೆನ್ನು ಕೇಳಿ ಪಡೆದು ಚೀಟಿಯ ಮೊದಲ ವಾಕ್ಯವನ್ನು ಅಡ್ಡ ಹೊಡೆದೆ. ‘ಸ್ವತಃ ಮಾಲೀಕರು’ ಎಂಬುದನ್ನೂ ಹೊಡೆದು, ‘ಮಾಲೀಕರ ಪತ್ನಿ’ ಎಂದು ಬರೆದೆ. ನನ್ನ ಔದಾರ್ಯಕ್ಕೆ ನನಗೇ ಸಂತೋಷವಾಗಿ ಒಂದು ಹೆಜ್ಜೆ ಹಿಂದೆ ನಿಂತು ನೋಡಿದೆ.

ಕುಸುಮಾ ಬಂದು ಓದಿದಳು. “ನನಗ ಹೆಸರಿಲ್ಲೇನ್ರಿ?”

ಮತ್ತೊಮ್ಮೆ ಅಡ್ಡ ಹೊಡೆದು ಹೆಸರು ಬರೆದೆ. ಚೀಟಿಯಲ್ಲಿ ಅಚ್ಚಿನ ಅಕ್ಷರಗಳಿಗಿಂತ ಗೀಟುಗಳೇ ಹೆಚ್ಚಾದವು. ಬಹುಮಾನ ಬೇರೆ ಯಾವುದೋ ಕಾರಿಗೆ ಹೋಯಿತು. ಅದರ ಎಲ್ಲ ಭಾಗಗಳೂ ಮೂಲದವಂತೆ. ಇರಬಹುದು.

ಸಂಜೆ ಮನೆಗೆ ಹೊರಟೆವು. ಮೋಡವಿತ್ತು, ಮೇಲಿನ ಹೊದಿಕೆ ಇಳಿಸಿದ್ದೆವು, ಗಾಳಿ ತಂಪಾಗಿತ್ತು. ಕಾರು ಮೆತ್ತಗೆ ಗುನುಗುತ್ತ ಸಾಗಿತ್ತು. ಸತ್ಯ ಹೇಳುವುದು ಇಷ್ಟು ಹಗುರ ಎಂದು ಮೊದಲೇ ಗೊತ್ತಾಗಿದ್ದರೆ ಎಷ್ಟು ಚೆನ್ನಿತ್ತು, ಇನ್ನು ಮೇಲೆ ಬೇರೆಯೇ ಮನುಷ್ಯನಾಗುತ್ತೇನೆ ಎಂದೆಲ್ಲ ಯೋಚಿಸುತ್ತ ನಾನು ಗೇರು ಬದಲಿಸುತ್ತಿದ್ದೆ. ಉಣಕಲ್ ದಾಟುವಾಗ ಕುಸುಮಾ ತಲೆ ಓರೆ ಮಾಡಿ ಕಿವಿಗೊಟ್ಟಳು.

“ಒಂದು ಕ್ಲ್ಯಾಂಪ್ ಸಡ್ಲ ಆದಂಗ ಅದ. ಟಕ್ ಟಕ್ ಅನ್ನಾಕತ್ತದ. ನಿಮಗೂ ಕೇಳಿಸ್ತೇನು?”

ನನಗೆ ಗಾಳಿಯ ಸದ್ದು ಬಿಟ್ಟು ಬೇರೇನೂ ಕೇಳಿಸುತ್ತಿರಲಿಲ್ಲ.

“ಹೂಂ, ಆವಾಗಿನಿಂದ ಕೇಳಾಕತ್ತೇನಿ,” ಎಂದೆ. “ಹೇಳಬೇಕಂತಿದ್ದೆ.”

“ಮುಂದಿಂದೋ, ಹಿಂದಿಂದೋ?”

ಸ್ವಲ್ಪ ಹೊತ್ತು ಕಿವಿಗೊಟ್ಟವನಂತೆ ಮಾಡಿ, “ಹಿಂದಿಂದು” ಎಂದೆ, ಖಚಿತವಾಗಿ.

“ಏನೂ ಸಡ್ಲ ಆಗಿಲ್ರಿ,” ಎಂದಳು ಕುಸುಮಾ. “ಸುಮ್ನ ಕೇಳಿದೆ.”

ನಾನು ರಸ್ತೆಯನ್ನು ಬಹಳ ಎಚ್ಚರಿಕೆಯಿಂದ ನೋಡುತ್ತ ಕಾರು ನಡೆಸಿದೆ. ಮುಂದಿನ ಸಿಗ್ನಲ್ಲಿನಲ್ಲಿ ನಿಲ್ಲಲೇಬೇಕಾಯಿತು. ಪಕ್ಕಕ್ಕೆ ತಿರುಗಿದರೆ ಆಕೆ ಸೆರಗನ್ನು ಬಾಯಿಗೆ ಒತ್ತಿಕೊಂಡು, ಆಚೆ ಮುಖ ಮಾಡಿ, ಮೈಯೆಲ್ಲ ಕುಲುಕುವಂತೆ ನಗುತ್ತಿದ್ದಳು.